ಆಕಾಶ ಕಂಡದ್ದನ್ನು ಊರಿಗೆ ತೋರಿಸಿ

ಹೊಸಪೇಟೆ, ಸಂಡೂರು ಸೀಮೆಯ ಗುಡ್ಡಗಳು ಕತ್ತಲಲ್ಲಿ ಕರಗಲಿಲ್ಲ. ಪಾಪಿನಾಯಕನಹಳ್ಳಿಯ ಮುಂದೆ ಹಾಯುವ ಹೊಸಪೇಟೆ-ಬಳ್ಳಾರಿ ಹೆದ್ದಾರಿಯಲ್ಲಿ ಅದಿರು ಲಾರಿಗಳು ಮೈಲುಗಟ್ಟಲೆ ಸಾಲು ನಿಂತ ಕಾಲವನ್ನು ಇಲ್ಲಿನ ಅಂದಿನ ಶಾಲೆಯ ಮಕ್ಕಳೂ ಕಂಡಿದ್ದಾರೆ. ಅದೇ ಕಾಲದಲ್ಲಿ ಮೇಲಿನಿಂದ ನಮ್ಮದೇ ಉಪಗ್ರಹಗಳು ಈ ಗುಡ್ಡಗಳ ಚಿತ್ರ ತೆಗೆಯುತ್ತಿದ್ದವು. ಅವು ಸರ್ಕಾರದ ದುಡ್ಡಿನಲ್ಲಿ ತೆಗೆದು, ಸರ್ಕಾರದ ಕಚೇರಿಗಳಲ್ಲಿ ಇಟ್ಟ ಚಿತ್ರಗಳು. ಹೀಗಿರುವಾಗ ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ವಿಷಯದಲ್ಲಿ ‘ನಮ್ಮ ಗಮನಕ್ಕೆ ಬರಲಿಲ್ಲ’ ಎಂಬ ಸಮಜಾಯಿಷಿಯನ್ನು ಯಾವ ಪಕ್ಷದ ಸರ್ಕಾರ, ಯಾವ ಇಲಾಖೆ ಹೇಳಿದರೂ ಒಪ್ಪಲಾಗದು. ನೋಡುವ ಸಾಧನ ಕೈಯಲ್ಲಿದ್ದೂ ಮುಖ ತಿರುಗಿಸಿದ ಅಪರಾಧ ಅದು. ಆ ಅಪರಾಧಕ್ಕೆ ಇವತ್ತಿನವರೆಗೂ ಯಾವ ಕಡತದಲ್ಲೂ ಹೆಸರಿಲ್ಲ ಎಂಬುದೇ ನಮ್ಮ ಮುಖ್ಯ ಆಕ್ಷೇಪ.

ಇಸವಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. 2003ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ, ಸರ್ಕಾರಿ ಸ್ವಾಮ್ಯದ ಗಣಿಗಾರಿಕೆಗೆಂದು ಮೀಸಲಿಟ್ಟಿದ್ದ 11,620 ಚದರ ಕಿ.ಮೀ. ಪ್ರದೇಶವನ್ನು ಖಾಸಗಿಯವರಿಗೆ ತೆರೆಯಿತು. ಚೀನಾದ ಉಕ್ಕಿನ ಹಸಿವು ಏರುತ್ತಿದ್ದ ಹೊತ್ತು. ಗುತ್ತಿಗೆ ಇದ್ದವರು ಗುಡ್ಡ ಹತ್ತಿದರು. ಇಲ್ಲದವರು ಪಟ್ಟಾ ಜಮೀನಿನ ಮೇಲ್ಮಣ್ಣು ಕೆದರಿ, ತೇಲು ಅದಿರನ್ನು ಬುಟ್ಟಿಯಲ್ಲಿ ಆರಿಸಿ ಮಾರಿದರು. ಜೋಳ, ಸಜ್ಜೆ ಬೆಳೆಯುತ್ತಿದ್ದ ಹೊಲಗಳು ಗುಂಡಿಗಳಾದವು. ಇದು ನಡೆಯುತ್ತಿದ್ದಾಗಲೇ, 2005ರ ಮೇ 5ರಂದು, ಇಸ್ರೊ ಕಾರ್ಟೊಸ್ಯಾಟ್-1 ಉಪಗ್ರಹವನ್ನು ಹಾರಿಸಿತು. ನೆಲದ ಎರಡೂವರೆ ಮೀಟರ್ ಅಗಲದ ವಸ್ತುವನ್ನೂ ಬೇರೆಯಾಗಿ ತೋರಿಸಬಲ್ಲ ಎರಡು ಕ್ಯಾಮೆರಾಗಳು ಅದರಲ್ಲಿದ್ದವು. 2007ರ ಜನವರಿಯಲ್ಲಿ ಹಾರಿದ ಕಾರ್ಟೊಸ್ಯಾಟ್-2 ಒಂದು ಮೀಟರಿಗಿಂತ ಸೂಕ್ಷ್ಮವಾಗಿ ನೋಡಿತು. ರಾಜ್ಯದ ದೂರ ಸಂವೇದಿ ಅನ್ವಯಿಕ ಕೇಂದ್ರ ಬೆಂಗಳೂರಿನಲ್ಲಿ 1986ರಿಂದಲೇ ಇದೆ. ಅಂದರೆ ಅದಿರಿನ ಲೂಟಿ ಮತ್ತು ಅದನ್ನು ಹಿಡಿಯಬಲ್ಲ ಕಣ್ಣು, ಎರಡೂ ಒಟ್ಟಿಗೆ ಬೆಳೆದವು.

ಆ ದಿನಗಳಲ್ಲಿ ಸಾಮಾನ್ಯ ಜನರಿಗೆ ಇಂಥ ಚಿತ್ರ ಸುಲಭವಾಗಿ ಸಿಗುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. 2001ರ ದೂರ ಸಂವೇದಿ ನೀತಿಯ ಪ್ರಕಾರ 5.8 ಮೀಟರಿಗಿಂತ ಸೂಕ್ಷ್ಮವಾದ ಚಿತ್ರಗಳಿಗೆ ನಿರ್ಬಂಧವಿತ್ತು. 2011ರಲ್ಲಷ್ಟೇ ಆ ಮಿತಿ ಒಂದು ಮೀಟರಿಗೆ ಇಳಿಯಿತು. ಹೀಗಾಗಿ ಊರಿನವರು ಬರಿಗಣ್ಣಿನಿಂದ ಕಂಡದ್ದನ್ನು ಸಾಬೀತು ಮಾಡುವ ಚಿತ್ರ ಬಹುಮಟ್ಟಿಗೆ ಸರ್ಕಾರದ ಬಳಿಯೇ ಇತ್ತು. ಹೊಣೆಯೂ ಸರ್ಕಾರದ್ದೇ.

ಚಿತ್ರದಿಂದ ಏನು ತಿಳಿಯುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಇಲ್ಲವಾದರೆ ‘ಆಕಾಶದಿಂದ ತೆಗೆದ ಫೋಟೊ ನಂಬಿ ಲೀಸ್ ರದ್ದು ಮಾಡಲಾದೀತೆ’ ಎಂಬ ಮಾತು ಮತ್ತೆ ಮತ್ತೆ ಗೆಲ್ಲುತ್ತದೆ. ಮೂವತ್ತು ಮೀಟರಿನ ಹಳೆಯ ಲ್ಯಾಂಡ್‌ಸ್ಯಾಟ್ ಚಿತ್ರದಲ್ಲಿ ಸಂಡೂರಿನ ಗುಡ್ಡಸಾಲಿನ ಹಸಿರಿನ ನಡುವೆ ಕಂದು ಮಚ್ಚೆಯೊಂದು ಕಾಣುತ್ತದೆ. ಮುಂದಿನ ವರ್ಷ ಮಚ್ಚೆ ಹಿಗ್ಗಿರುತ್ತದೆ. ಎರಡೂವರೆ ಮೀಟರಿನ ಚಿತ್ರಕ್ಕೆ ಬಂದರೆ ಅದೇ ಮಚ್ಚೆಯೊಳಗೆ ಮೆಟ್ಟಿಲು ಮೆಟ್ಟಿಲಾದ ಬೆಂಚುಗಳು, ಅದಿರು ಸಾಗಿಸುವ ಕಚ್ಚಾ ರಸ್ತೆ, ಗುಡ್ಡದ ಅಂಚಿಗೆ ಸುರಿದ ಮಣ್ಣಿನ ಡಂಪು, ಆ ಡಂಪಿನಿಂದ ಮಳೆಗೆ ಕೊರೆದು ಹರಿದ ಕೊರಕಲು ಒಂದೊಂದಾಗಿ ತೆರೆದುಕೊಳ್ಳುತ್ತವೆ. 2019ರ ನವೆಂಬರ್‌ನಲ್ಲಿ ಹಾರಿದ ಕಾರ್ಟೊಸ್ಯಾಟ್-3 ಕಾಲು ಮೀಟರಿನಷ್ಟು ಸೂಕ್ಷ್ಮವಾಗಿ ನೋಡುತ್ತದೆ. ಗುಂಡಿಯೊಳಗೆ ನಿಂತದ್ದು ಟಿಪ್ಪರೋ ಹಿಟಾಚಿಯೋ ಎಂದು ಅದರ ಚಿತ್ರದಲ್ಲಿ ಗುರುತಿಸಬಹುದು. ಮನುಷ್ಯನ ಮುಖ ಕಾಣುವುದಿಲ್ಲ. ಆದ್ದರಿಂದ ಖಾಸಗಿತನದ ನೆಪ ಇಲ್ಲಿ ನಿಲ್ಲದು.

ಇದಕ್ಕಿಂತ ಮುಖ್ಯವಾದದ್ದು ಆಳ. ಒಂದೇ ಜಾಗವನ್ನು ಎರಡು ಕೋನದಿಂದ ತೆಗೆದ ಜೋಡಿ ಚಿತ್ರಗಳಿಂದ ನೆಲದ ಎತ್ತರ ಲೆಕ್ಕ ಹಾಕಬಹುದು. ಕಾರ್ಟೊಸ್ಯಾಟ್-1ರಲ್ಲಿ ಎರಡು ಕ್ಯಾಮೆರಾ ಇಟ್ಟದ್ದೇ ಅದಕ್ಕಾಗಿ. ಹೋದ ವರ್ಷದ ಎತ್ತರದಿಂದ ಈ ವರ್ಷದ ಎತ್ತರ ಕಳೆದರೆ ಎಷ್ಟು ಅಗೆದರು ಎಂಬ ಘನ ಅಳತೆ ಸಿಗುತ್ತದೆ. ಒಂದು ಹೆಕ್ಟೇರ್ ಗುಂಡಿ ಹತ್ತು ಮೀಟರ್ ಆಳಕ್ಕಿಳಿದರೆ ಹೊರಬಂದದ್ದು ಒಂದು ಲಕ್ಷ ಘನ ಮೀಟರ್. ಗಟ್ಟಿ ಹೆಮಟೈಟ್ ಅದಿರು ಘನ ಮೀಟರಿಗೆ ಮೂರು ಟನ್ನಿಗೂ ಹೆಚ್ಚು ತೂಗುತ್ತದೆ. ಅರ್ಧದಷ್ಟನ್ನು ಬರೀ ಮಣ್ಣೆಂದು ಬಿಟ್ಟರೂ ಒಂದೂವರೆ ಲಕ್ಷ ಟನ್ ಅದಿರು. ಇಪ್ಪತ್ತು ಟನ್ನಿನ ಲಾರಿಗಳಲ್ಲಿ ಅದು ಏಳೂವರೆ ಸಾವಿರ ಲೋಡು. ಇದನ್ನು ಗಣಿ ಇಲಾಖೆಯ ಪರ್ಮಿಟ್ ಪುಸ್ತಕ, ರಾಜಧನದ ಲೆಕ್ಕದ ಪಕ್ಕ ಇಟ್ಟರೆ ಸುಳ್ಳು ತಾನಾಗಿ ಹೊರಬೀಳುತ್ತದೆ. ಒಬ್ಬ ಗುಮಾಸ್ತ, ಒಂದು ಕಂಪ್ಯೂಟರು, ಒಂದು ವಾರ ಸಾಕಾಗುವ ಕೆಲಸ. ಲೂಟಿ ನಡೆದ ವರ್ಷಗಳಲ್ಲಿ ಈ ತಾಳೆ ನೋಡುವುದು ಇಲಾಖೆಯ ನಿತ್ಯದ ಕೆಲಸವಾಗಿದ್ದಿದ್ದರೆ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು 2008ರ ಡಿಸೆಂಬರ್‌ನಲ್ಲಿ ಒಂದು ವರದಿ, 2011ರ ಜುಲೈನಲ್ಲಿ ಮತ್ತೊಂದು ವರದಿ ಕೊಡುವ ಪ್ರಮೇಯವೇ ಬರುತ್ತಿರಲಿಲ್ಲ.

ಬೇಲೆಕೇರಿ ಬಂದರಿನ ನೆನಪನ್ನೂ ಇಲ್ಲಿ ಮಾಡಲೇಬೇಕು. 2010ರಲ್ಲಿ ಆ ಬಂದರಿನಲ್ಲಿ ಜಪ್ತಿ ಮಾಡಿದ್ದ ಸುಮಾರು ಎಂಟು ಲಕ್ಷ ಟನ್ ಅದಿರಿನಲ್ಲಿ ಐದು ಲಕ್ಷ ಟನ್ನಿನಷ್ಟು ತಿಂಗಳುಗಳಲ್ಲೇ ಹಡಗು ಹತ್ತಿ ಹೋಯಿತು. ಬಯಲಲ್ಲಿ ಬಿದ್ದಿದ್ದ ರಾಶಿ ಅದು. ಆಕಾಶದಿಂದ ಅಳೆಯಲು ಅದಕ್ಕಿಂತ ಸುಲಭದ ವಸ್ತು ಇನ್ನೊಂದಿಲ್ಲ. ಜಪ್ತಿಯಾದ ದಿನ ಒಂದು, ಆಮೇಲೆ ವಾರಕ್ಕೊಂದು ಚಿತ್ರ ತರಿಸಿಕೊಂಡಿದ್ದರೆ ರಾಶಿ ಕರಗತೊಡಗಿದ ವಾರದಲ್ಲೇ ಕಳ್ಳತನ ಗೊತ್ತಾಗುತ್ತಿತ್ತು.

ಕೊನೆಗೆ ಅಳೆಯಿಸಿದ್ದು ಸುಪ್ರೀಂ ಕೋರ್ಟ್. ಧಾರವಾಡದ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಹೂಡಿದ ಅರ್ಜಿಯ ಮೇಲೆ, 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಂತಿತು. ಜಂಟಿ ತಂಡ ಡಿಜಿಪಿಎಸ್, ಟೋಟಲ್ ಸ್ಟೇಷನ್ ಎಂಬ ಸರ್ವೆ ಉಪಕರಣಗಳನ್ನು ಹಿಡಿದು ಗುಡ್ಡ ಹತ್ತಿ ಅಳೆಯಿತು. ಮೂರು ಜಿಲ್ಲೆಗಳ 166 ಗುತ್ತಿಗೆಗಳನ್ನು ಕೇಂದ್ರ ಉನ್ನತಾಧಿಕಾರ ಸಮಿತಿ ಎ, ಬಿ, ಸಿ ಎಂದು ಮೂರು ವರ್ಗ ಮಾಡಿತು. ಗುತ್ತಿಗೆಯ ಗಡಿ ದಾಟಿದ ಗುಂಡಿ ಗುತ್ತಿಗೆ ವಿಸ್ತೀರ್ಣದ ಶೇ 10ನ್ನು ಅಥವಾ ಗಡಿ ದಾಟಿದ ಡಂಪು ಶೇ 15ನ್ನು ಮೀರಿದ್ದರೆ ಅದು ಸಿ ವರ್ಗ. ಹಾಗೆ ಬಿದ್ದದ್ದು 49 ಗುತ್ತಿಗೆಗಳು. 2013ರ ಏಪ್ರಿಲ್ 18ರ ತೀರ್ಪು ಅವನ್ನು ರದ್ದು ಮಾಡಿತು. ಆ ಮಿತಿಯೊಳಗೆ ಗಡಿ ದಾಟಿದ ಬಿ ವರ್ಗದವರು ಅಕ್ರಮ ಗುಂಡಿಗೆ ಹೆಕ್ಟೇರಿಗೆ ಐದು ಕೋಟಿ, ಡಂಪಿಗೆ ಹೆಕ್ಟೇರಿಗೆ ಒಂದು ಕೋಟಿ ರೂಪಾಯಿ ಕಟ್ಟಬೇಕಾಯಿತು.

ಇಲ್ಲಿ ಒಂದು ಗೆರೆಯ ಬೆಲೆ ಎಷ್ಟೆಂದು ಗಮನಿಸಬೇಕು. ಚಿತ್ರ ಗುಂಡಿಯನ್ನು ತೋರಿಸುತ್ತದೆ. ಆದರೆ ಆ ಗುಂಡಿ ಗುತ್ತಿಗೆಯ ಒಳಗಿದೆಯೋ ಹೊರಗಿದೆಯೋ ಎಂದು ಹೇಳುವುದು ಗಡಿಗೆರೆ. ಆ ಗೆರೆ ನಿಂತಿರುವುದು ಬಾಂದು ಕಲ್ಲುಗಳ ಮೇಲೆ, ಮೂರು ಊರುಗಳ ಗಡಿ ಸೇರುವ ಕಲ್ಲಿನ ಮೇಲೆ, ದಶಕಗಳ ಹಿಂದೆ ಕೈಯಲ್ಲಿ ಬರೆದ ಗುತ್ತಿಗೆ ನಕ್ಷೆಯ ಮೇಲೆ. ಬಳ್ಳಾರಿಯಲ್ಲಿ ಗಣಿಗಾರಿಕೆ ಮೊದಲು ನುಂಗಿದ್ದು ಈ ಕಲ್ಲುಗಳನ್ನೇ. ಆಂಧ್ರ ಗಡಿಯಲ್ಲಿ ರಾಜ್ಯದ ಎಲ್ಲೆಯ ಗುರುತುಗಳೇ ಮಾಯವಾದವು. 2006ರಲ್ಲಿ ಅಲ್ಲಿದ್ದ ಸುಗ್ಗಲಮ್ಮ ದೇವಿಯ ಗುಡಿಯನ್ನೇ ಸಿಡಿಮದ್ದಿಟ್ಟು ಉರುಳಿಸಿದರು. ಎಲ್ಲೆಗೆ ಸಾಕ್ಷಿಯಾಗಿದ್ದ ಗುಡಿ ಹೋದ ಮೇಲೆ ಗೆರೆಯನ್ನು ಎಲ್ಲಿ ಬೇಕಾದರೂ ಎಳೆಯಬಹುದಲ್ಲ. ಗಡಿಯಂಚಿನ ಗಣಿಗಳ ವಿಷಯದಲ್ಲಿ ಕೋರ್ಟು ಭಾರತೀಯ ಸರ್ವೇಕ್ಷಣಾ ಇಲಾಖೆಯಿಂದ ಗಡಿ ಗುರುತಿಸಿ ಬನ್ನಿ ಎನ್ನಬೇಕಾಯಿತು. ಗೆರೆ ಸರಿಯಿಲ್ಲದ ಕಡೆ ಎಷ್ಟು ಒಳ್ಳೆಯ ಚಿತ್ರ ತಂದಿಟ್ಟರೂ ವಕೀಲರ ಬಾಯಲ್ಲಿ ಅದು ಕರಗಿ ಹೋಗುತ್ತದೆ. ಆದುದರಿಂದ ಪ್ರತಿ ಗುತ್ತಿಗೆಯ ಪ್ರತಿ ಮೂಲೆಕಲ್ಲಿನ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಬೇಕು, ಕಲ್ಲು ಸ್ಥಳದಲ್ಲಿ ಇದೆಯೇ ಎಂದು ಯಾರು ಬೇಕಾದರೂ ಮೊಬೈಲ್ ಹಿಡಿದು ನೋಡುವಂತಿರಬೇಕು. ತಮ್ಮ ಹೊಲದ ಸರ್ವೆ ನಂಬರನ್ನು ದಿಶಾಂಕ್ ಆ್ಯಪಿನಲ್ಲಿ ನೋಡಲು ರೈತರಿಗೆ ಕೊಟ್ಟ ಸೌಲಭ್ಯ ಗಣಿಯ ಗಡಿ ನೋಡಲೂ ಇರಬೇಕು.

ಈಗ ಏನೂ ನಡೆಯುತ್ತಿಲ್ಲ ಎಂದು ನಾವು ಹೇಳುವುದಿಲ್ಲ. 2016ರ ಅಕ್ಟೋಬರ್‌ನಲ್ಲಿ ಭಾರತೀಯ ಗಣಿ ಬ್ಯೂರೊ, ಗಾಂಧಿನಗರದ ಭಾಸ್ಕರಾಚಾರ್ಯ ಸಂಸ್ಥೆಯ ನೆರವಿನಿಂದ ಗಣಿ ಕಣ್ಗಾವಲು ವ್ಯವಸ್ಥೆಯನ್ನು ಆರಂಭಿಸಿತು. ಗುತ್ತಿಗೆಯ ಗಡಿಯಿಂದ 500 ಮೀಟರ್ ಹೊರಗಿನವರೆಗೆ ಭೂಮಿಯ ಮೇಲ್ಮೈ ಬದಲಾದರೆ ಉಪಗ್ರಹ ಚಿತ್ರಗಳನ್ನು ಹೋಲಿಸಿ ಕಂಪ್ಯೂಟರ್ ಎಚ್ಚರಿಕೆ ಕೊಡುತ್ತದೆ. ಮೊದಲ ಸುತ್ತಿನಲ್ಲೇ ದೇಶದಲ್ಲಿ 296 ಎಚ್ಚರಿಕೆಗಳು ಬಂದವು. ಗಣಿ ನಿಯಮಗಳಿಗೆ ಬಂದ 2021ರ ನವೆಂಬರ್‌ನ ತಿದ್ದುಪಡಿ ಇನ್ನೂ ಮುಂದೆ ಹೋಗಿದೆ. ವರ್ಷಕ್ಕೆ ಹತ್ತು ಲಕ್ಷ ಟನ್ ಅಥವಾ ಹೆಚ್ಚು ಅಗೆಯುವ ಇಲ್ಲವೇ 50 ಹೆಕ್ಟೇರ್ ಮತ್ತು ಮೇಲ್ಪಟ್ಟ ಗುತ್ತಿಗೆದಾರರು ಪ್ರತಿ ವರ್ಷ ಡ್ರೋನ್ ಹಾರಿಸಿ, ಗಡಿಯಿಂದ 100 ಮೀಟರ್ ಹೊರಗಿನವರೆಗೂ ಚಿತ್ರ ತೆಗೆದು ಬ್ಯೂರೊಗೆ ಸಲ್ಲಿಸಬೇಕು. ಉಳಿದವರು ಹೆಚ್ಚು ಸ್ಪಷ್ಟತೆಯ ಉಪಗ್ರಹ ಚಿತ್ರ ಕೊಡಬೇಕು. ಒಳ್ಳೆಯ ನಿಯಮ. ಆದರೆ ಅದರಲ್ಲಿ ಎರಡು ದೊಡ್ಡ ಲೋಪಗಳಿವೆ. ಚಿತ್ರ ತೆಗೆಯಿಸುವವನು ಗುತ್ತಿಗೆದಾರನೇ. ತನ್ನ ಅಕ್ರಮಕ್ಕೆ ತಾನೇ ಸಾಕ್ಷಿ ಒದಗಿಸು ಎಂದು ಹೇಳಿ ಕೂತರೆ ಸಾಲದು, ಆ ಚಿತ್ರವನ್ನು ಅದೇ ತಿಂಗಳ ಉಪಗ್ರಹ ಚಿತ್ರದೊಂದಿಗೆ ತಾಳೆ ನೋಡುವ ಕೆಲಸ ಬೇರೆ ಕೈಯಲ್ಲಿರಬೇಕು. ಎರಡನೆಯದು ಇನ್ನೂ ಗಂಭೀರ. ಬ್ಯೂರೊಗೆ ಸಲ್ಲಿಸು ಎನ್ನುವ ನಿಯಮ, ಊರಿಗೆ ತೋರಿಸು ಎನ್ನುವುದಿಲ್ಲ. ತಮ್ಮ ಗುಡ್ಡದ ಮೇಲೆ ಡ್ರೋನ್ ಹಾರುವುದನ್ನು ಪಾಪಿನಾಯಕನಹಳ್ಳಿಯ ಜನ ಕತ್ತೆತ್ತಿ ನೋಡಬಹುದು, ಅದು ತೆಗೆದ ಚಿತ್ರವನ್ನು ನೋಡುವಂತಿಲ್ಲ.

ಎಚ್ಚರಿಕೆಗಳ ಕತೆಯೂ ಹೀಗೆಯೇ. ಕಂಪ್ಯೂಟರ್ ತೋರಿಸಿದ ಜಾಗಕ್ಕೆ ಹೋಗಿ ನೋಡಿ ಬರುವ ಕೆಲಸ ರಾಜ್ಯದ ಗಣಿ ಅಧಿಕಾರಿಗಳದ್ದು. ಹಿಂದೆ ಯಾರ ಕಣ್ಣೆದುರು ಅಕ್ರಮ ನಡೆಯಿತೋ ಅದೇ ಇಲಾಖೆಯವರು. ಅವರು ಹೋದರೋ ಇಲ್ಲವೋ, ಯಾವತ್ತು ಹೋದರು, ಏನು ಕಂಡರು, ಏನು ಬರೆದು ಮುಗಿಸಿದರು ಎಂಬುದು ಊರಿನವರಿಗೆ ತಿಳಿಯಬೇಕು. ಜನ ದೂರು ಕೊಡಲು ಆ್ಯಪ್ ಇದೆ ಎನ್ನುತ್ತಾರೆ. ಚಿತ್ರವನ್ನೇ ಕಾಣದವರು ಯಾವ ಆಧಾರದ ಮೇಲೆ ದೂರು ಕೊಡಬೇಕು?

ನಮ್ಮನ್ನು ಹೆಚ್ಚು ಕೆರಳಿಸುವ ಸಂಗತಿ ಇನ್ನೊಂದಿದೆ. ಬಗರ್‌ಹುಕುಂ ಅರ್ಜಿ ಹಾಕಿದ ಬಡ ರೈತ ನಿಜವಾಗಿ ಉಳುಮೆ ಮಾಡುತ್ತಿದ್ದನೇ ಎಂದು ಪರೀಕ್ಷಿಸಲು ಕಂದಾಯ ಇಲಾಖೆ ಉಪಗ್ರಹ ಚಿತ್ರ ತರಿಸಿಕೊಳ್ಳುತ್ತದೆ. ಅದಕ್ಕಾಗಿಯೇ ಆ್ಯಪ್ ಸಿದ್ಧವಾಗಿದೆ. ಎಕರೆ ಎರಡೆಕರೆಯ ಹಕ್ಕಿಗಾಗಿ ಅಲೆಯುವವನ ಮುಂದೆ ಆ ಚಿತ್ರವೇ ಕೊನೆಯ ಮಾತು. ಅರಣ್ಯವಾಸಿಗಳ ಪಾಡೂ ಇದೇ. ಅರಣ್ಯ ಹಕ್ಕು ಕಾಯ್ದೆಯ 2012ರ ನಿಯಮಗಳು, ಉಪಗ್ರಹ ಚಿತ್ರ ಬೇರೆ ಸಾಕ್ಷ್ಯಕ್ಕೆ ಪೂರಕವಷ್ಟೇ, ಅದರ ಬದಲಿಗೆ ನಿಲ್ಲುವಂಥದ್ದಲ್ಲ ಎಂದು ಸ್ಪಷ್ಟವಾಗಿ ಹೇಳಿವೆ. ಆದರೂ 2019ರ ಫೆಬ್ರುವರಿಯಲ್ಲಿ ಅರಣ್ಯವಾಸಿಗಳ ಒತ್ತುವರಿ ತಿಳಿಯಲು ಉಪಗ್ರಹ ಸಮೀಕ್ಷೆಯ ಆದೇಶ ಬಂತು. ಬಡವನ ಹೊಲದ ಮುಂದೆ ಚಿತ್ರ ಖಚಿತ ಸಾಕ್ಷಿ, ಗಣಿ ಧಣಿಯ ಗುಂಡಿಯ ಮುಂದೆ ಅದೇ ಚಿತ್ರ ‘ಬರೀ ಸೂಚನೆ’. ಈ ಎರಡು ಅಳತೆಗೋಲುಗಳನ್ನು ಇಟ್ಟುಕೊಂಡ ಆಡಳಿತಕ್ಕೆ ತಂತ್ರಜ್ಞಾನದ ಹೆಸರೆತ್ತುವ ಹಕ್ಕಿಲ್ಲ. ಚಿತ್ರದ ಮಿತಿಗಳನ್ನು ನಾವೂ ಬಲ್ಲೆವು. ಮುಂಗಾರಿನಲ್ಲಿ ಮೋಡ ಅಡ್ಡ ಬರುತ್ತದೆ, ಆಳದ ಗುಂಡಿಯ ಒಂದು ಬದಿ ನೆರಳಲ್ಲಿ ಮುಳುಗುತ್ತದೆ, ಬೀಳುಬಿಟ್ಟ ಹೊಲ ಬಂಜರಿನಂತೆ ಕಾಣುತ್ತದೆ. ಮೋಡದ ತೊಡಕಿಗೆ 2022ರಲ್ಲಿ ಹಾರಿದ ಇಒಎಸ್-04, 2025ರ ಜುಲೈನಲ್ಲಿ ಹಾರಿದ ನಿಸಾರ್‌ನಂಥ ರೇಡಾರ್ ಉಪಗ್ರಹಗಳ ಪರಿಹಾರವಿದೆ. ಉಳಿದ ಅನುಮಾನಗಳಿಗೆ ಸ್ಥಳ ತನಿಖೆಯೇ ಉತ್ತರ. ಆ ತನಿಖೆಯ ಅವಕಾಶ ಗಣಿ ಮಾಲೀಕನಿಗೆ ಸಿಗುವುದಾದರೆ ಬಗರ್‌ಹುಕುಂ ರೈತನಿಗೂ ಸಿಗಬೇಕು.

ಕೋರ್ಟಿನಲ್ಲಿ ನಿಲ್ಲುವ ಹಾಗೆ ಚಿತ್ರವನ್ನು ಜೋಪಾನ ಮಾಡುವುದೂ ಒಂದು ಕೆಲಸ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಬೇಕು. ಯಾವ ಉಪಗ್ರಹ, ಯಾವ ದಿನ, ಯಾರು ಇಳಿಸಿಕೊಂಡರು, ಯಾರು ತಿದ್ದಿದರು ಎಂಬ ಸರಪಳಿ ಕಡಿಯಬಾರದು. ಮೊಕದ್ದಮೆ ಬಿದ್ದ ಮೇಲೆ ಹುಡುಕಾಡುವ ಅಭ್ಯಾಸ ಬಿಟ್ಟು ಚಿತ್ರ ಬಂದ ದಿನವೇ ಇದನ್ನು ಮಾಡಿಡಬೇಕು.

ಗಡಿ ದಾಟಿದ ಗುಂಡಿಯಷ್ಟೇ ನಮ್ಮ ಚಿಂತೆಯಲ್ಲ. ಕಬ್ಬಿಣದ ಕೆಂಪು ಧೂಳಿಗೆ ತನ್ನದೇ ಬೆಳಕಿನ ಗುರುತಿದೆ. ಕೆಂಪು ಬೆಳಕನ್ನು ಚೆಲ್ಲಿ, ಅವಗೆಂಪಿನ ಅಂಚಿನ ಒಂದು ಪಟ್ಟಿಯನ್ನು ಅದು ಹೀರುತ್ತದೆ. ಎಲೆಯ ಮೇಲೆ ಧೂಳು ಕೂತಾಗ ಹಸಿರೆಲೆ ಹೊಮ್ಮಿಸಬೇಕಾದ ಅವಗೆಂಪು ಬೆಳಕು ತಗ್ಗುತ್ತದೆ. ಬಹುವರ್ಣ ಚಿತ್ರದಲ್ಲಿ ಇದನ್ನು ಅಳೆದು, ರಸ್ತೆಯಿಂದ ಎಷ್ಟು ದೂರದ ಹೊಲದವರೆಗೆ ಧೂಳು ಕೂತಿದೆ ಎಂದು ನಕ್ಷೆ ಬರೆಯಬಹುದು. ಧೂಳಿನಿಂದ ಬೆಳೆ ಹಾಳಾಯಿತು ಎಂದು ಅರ್ಜಿ ಹಿಡಿದು ಬರುವ ರೈತನಿಗೆ ಇಂಥ ನಕ್ಷೆಗಿಂತ ದೊಡ್ಡ ಆಸರೆ ಇಲ್ಲ. ಕೆರೆಗಳ ಮಾತೂ ಅಷ್ಟೇ. ಪಾಪಿನಾಯಕನಹಳ್ಳಿಯ ಹೆಸರಿನಲ್ಲೇ ಏತ ನೀರಾವರಿ ಯೋಜನೆ ಇದೆ, ತುಂಗಭದ್ರೆಯ ನೀರನ್ನು ಎತ್ತಿ ಕೆರೆ ತುಂಬಿಸುವುದು ಅದರ ಉದ್ದೇಶ. ಗುಡ್ಡದ ಡಂಪು ಮಳೆಗೆ ಕೊಚ್ಚಿ ಬಂದು ಕೆರೆಯ ಹೊಟ್ಟೆ ತುಂಬುತ್ತಿದ್ದರೆ ಎತ್ತಿದ ನೀರಿಗೆ ಜಾಗವೆಲ್ಲಿ? ಜಲಾಶಯದ ಪಾಡು ನಮ್ಮ ಕಣ್ಣ ಮುಂದೆಯೇ ಇದೆ. 132 ಟಿಎಂಸಿ ಅಡಿಗೂ ಹೆಚ್ಚಿದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ 105.78 ಟಿಎಂಸಿ ಅಡಿಗೆ ಇಳಿದಿದೆ. ನೀರಿನ ಮಟ್ಟ ಇಳಿಯುತ್ತ ಹೋದಂತೆ ನೀರಿನ ಹರವು ಎಷ್ಟು ಕುಗ್ಗಿತೆಂದು ಚಿತ್ರದಿಂದ ಅಳೆದರೆ ಹೂಳಿನ ಲೆಕ್ಕ ಸಿಗುತ್ತದೆ. ಇದನ್ನು ಪ್ರತಿ ಕೆರೆಗೂ ಮಾಡಬೇಕು, ಹೂಳು ಎಲ್ಲಿಂದ ಬಂತೋ ಅಲ್ಲಿಯವರಿಂದ ಖರ್ಚು ವಸೂಲಾಗಬೇಕು.

ಖರ್ಚಿಗೆ ದುಡ್ಡಿಲ್ಲ ಎನ್ನುವಂತಿಲ್ಲ. ಗಣಿ ಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ರಾಜ್ಯದ ಗಣಿ ಪರಿಸರ ಪುನಶ್ಚೇತನ ನಿಗಮದ ಮುಂದೆ ಸುಮಾರು 24,996 ಕೋಟಿ ರೂಪಾಯಿಯ ಯೋಜನೆ ಇದೆ. ಸುಪ್ರೀಂ ಕೋರ್ಟ್ 2022ರಲ್ಲಿ ಅದಕ್ಕೆ ದಾರಿ ಮಾಡಿಕೊಟ್ಟು, ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರ ಉಸ್ತುವಾರಿಯನ್ನೂ ಇಟ್ಟಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಬಳ್ಳಾರಿಯ ವಾರ್ಷಿಕ ಅದಿರಿನ ಮಿತಿ 28ರಿಂದ 35 ದಶಲಕ್ಷ ಟನ್ನಿಗೆ ಏರಿತು. ಅಗೆತ ಹೆಚ್ಚಿದಾಗ ನಿಗಾ ಅದಕ್ಕೆ ತಕ್ಕಂತೆ ಹೆಚ್ಚಬೇಕು. ಆ ಯೋಜನೆಯ ಹಣದಲ್ಲಿ ನಡೆಯುವ ಪ್ರತಿ ಕಾಮಗಾರಿಯ ಮುಂಚಿನ ಚಿತ್ರ, ಮುಗಿದ ದಿನದ ಚಿತ್ರ, ಮೂರು ಮಳೆಗಾಲ ಕಳೆದ ಮೇಲಿನ ಚಿತ್ರ ಮೂರೂ ಇಲ್ಲದೆ ಕೊನೆಯ ಕಂತು ಬಿಡುಗಡೆಯಾಗಬಾರದು. ನೆಟ್ಟೆವೆಂದು ಬರೆದ ಸಸಿ ಬದುಕಿದೆಯೇ ಎಂದು ಆಗ ತಿಳಿಯುತ್ತದೆ.

ಗಣಿ ಚಿತ್ರಗಳು ವ್ಯಾಪಾರದ ಗುಟ್ಟು, ಬಹಿರಂಗ ಮಾಡಲಾಗದು ಎಂಬ ವಾದವನ್ನು ನಾವು ಒಪ್ಪುವುದಿಲ್ಲ. ಅದಿರು ರಾಜ್ಯದ ಸ್ವತ್ತು, ಗುಡ್ಡ ಊರಿನ ನೆರೆ. ಅಗೆದ ಗುಂಡಿಯಲ್ಲಿ ಗುಟ್ಟೇನೂ ಇಲ್ಲ. ವಿದೇಶಿ ಕಂಪನಿಗಳು ಇದೇ ಗುಡ್ಡದ ಚಿತ್ರವನ್ನು ದುಡ್ಡಿಗೆ ಮಾರುತ್ತಿರುವಾಗ, ಸ್ವಂತ ಪಂಚಾಯಿತಿಯಿಂದ ಅದನ್ನು ಮುಚ್ಚಿಡುವುದರಲ್ಲಿ ದೇಶದ ಭದ್ರತೆಯೂ ಇಲ್ಲ.

ಆದ್ದರಿಂದ ಗಣಿ ಮತ್ತು ಭೂವಿಜ್ಞಾನ ಇಲಾಖೆ, ಭಾರತೀಯ ಗಣಿ ಬ್ಯೂರೊ ಮತ್ತು ವಿಜಯನಗರ, ಬಳ್ಳಾರಿ ಜಿಲ್ಲಾಡಳಿತಗಳು ಈ ವರ್ಷವೇ ಆರಂಭಿಸಲಿ. ಪಾಪಿನಾಯಕನಹಳ್ಳಿಯೂ ಸೇರಿ ಪ್ರತಿ ಗಣಿ ಬಾಧಿತ ಪಂಚಾಯಿತಿಯ ಗ್ರಾಮಸಭೆಯಲ್ಲಿ ಹಿಂದಿನ ವರ್ಷದ ಮತ್ತು ಈ ವರ್ಷದ ಚಿತ್ರಗಳನ್ನು, ಗುತ್ತಿಗೆಯ ಗಡಿಗೆರೆ ಸಮೇತ, ಪರದೆಯ ಮೇಲೆ ತೋರಿಸಿ ಕನ್ನಡದಲ್ಲಿ ವಿವರಿಸಲಿ. ಕಣ್ಗಾವಲು ವ್ಯವಸ್ಥೆ ಕೊಟ್ಟ ಎಚ್ಚರಿಕೆಗಳ ಪಟ್ಟಿಯನ್ನು ದಿನಾಂಕ ಮತ್ತು ಕೈಗೊಂಡ ಕ್ರಮದೊಂದಿಗೆ ಅಲ್ಲೇ ಓದಲಿ. ಪರದೆ, ಪ್ರೊಜೆಕ್ಟರಿನ ವೆಚ್ಚವನ್ನು ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಭರಿಸಲಿ. ತೋರಿಸಲಾಗದು ಎನ್ನುವ ಅಧಿಕಾರಿ ಕಾರಣವನ್ನು ಬರಹದಲ್ಲಿ ಕೊಟ್ಟು, ತನ್ನ ಹೆಸರು, ಹುದ್ದೆ ಬರೆದು ಸಹಿ ಹಾಕಿ, ಅದನ್ನು ಅದೇ ಸಭೆಯ ನಡಾವಳಿ ಪುಸ್ತಕಕ್ಕೆ ಸೇರಿಸಲಿ.